ಬಿಳಿ ಬಾಗಿಲಿಗೆ ಏಳು ಕೈ ಬಣ್ಣ

ಬಾಗಿಲುಗಳಿಂದಲೇ ಹೆಸರಾದ ಊರೊಂದಿತ್ತು. ಊರಿನ ನಡುವೆ ನೇರವಾದ ಒಂದು ಬೀದಿ. ಬೀದಿಯ ಎರಡು ಬದಿಗೂ ಸೇರಿ ಒಂಬತ್ತು ಬಾಗಿಲುಗಳು. ಊರಿನ ಮಕ್ಕಳು ಹತ್ತು ವರ್ಷ ಶಾಲೆಯಲ್ಲಿ ಕಲಿತು, ಹದಿನಾರನೆಯ ವಯಸ್ಸಿಗೆ ದೊಡ್ಡ ಪರೀಕ್ಷೆ ಬರೆಯುತ್ತಿದ್ದರು. ಪಾಸಾದವರ ಕೈಗೆ ಒಂದು ಚೀಟಿ ಬರುತ್ತಿತ್ತು. ಆ ಚೀಟಿ ಹಿಡಿದುಕೊಂಡು ಈ ಬೀದಿಗೆ ಬಂದು ಒಂಬತ್ತರಲ್ಲಿ ಯಾವ ಬಾಗಿಲನ್ನಾದರೂ ತಟ್ಟಬಹುದಾಗಿತ್ತು. ಒಂದು ಬಾಗಿಲಿನ ಹಿಂದೆ ಮರಗೆಲಸ ಕಲಿಸುತ್ತಿದ್ದರು, ಇನ್ನೊಂದರ ಹಿಂದೆ ಕಬ್ಬಿಣದ ಕೆಲಸ, ಮತ್ತೊಂದರ ಹಿಂದೆ ರೋಗಿಗಳ ಆರೈಕೆ, ಬೇರೊಂದರಲ್ಲಿ ರೊಟ್ಟಿ ಸುಡುವುದು. ಉಳಿದವುಗಳನ್ನು ಹೆಸರಿಸುವ ಅಗತ್ಯವಿಲ್ಲ. ಊರಿನವರೂ ಹೆಸರಿಸುತ್ತಿರಲಿಲ್ಲ. ಅವರ ಮಾತಿನಲ್ಲಿ ಬಾಗಿಲು ಎಂದರೆ ಬಿಳಿ ಬಾಗಿಲು.

ಬಿಳಿ ಬಾಗಿಲಿನ ಹಿಂದೆ ಕುರ್ಚಿಯಲ್ಲಿ ಕುಳಿತುಕೊಳ್ಳುವವರನ್ನು ತಯಾರು ಮಾಡುತ್ತಿದ್ದರು. ಊರಿನ ಸಭಾಭವನದಲ್ಲಿ ನಲವತ್ತು ಕುರ್ಚಿಗಳಿದ್ದವು. ಎರಡು ವರ್ಷ ಒಳಗೆ ಕಲಿತು ಹೊರಗೆ ಬಂದವರು ಹೋಗಿ ಅವುಗಳಲ್ಲಿ ಕೂರುತ್ತಿದ್ದರು. ನಲವತ್ತೂ ತುಂಬಿ ಬಹಳ ಕಾಲವಾಗಿತ್ತು. ಆಮೇಲೆ ಬಂದವರು ಕುರ್ಚಿಗಳ ಹಿಂದೆ ಸಾಲಾಗಿ ನಿಂತು, ಕೂತವರು ಏಳಲಿ ಎಂದು ಕಾಯುತ್ತಿದ್ದರು. ಬೇರೆ ಕಡೆ ಕೂರುವುದಕ್ಕಿಂತ ಕುರ್ಚಿಯ ಹಿಂದೆ ನಿಲ್ಲುವುದು ಮೇಲು ಎಂದು ಊರು ತೀರ್ಮಾನಿಸಿತ್ತು.

ಆ ಬಾಗಿಲು ಮೊದಲಿನಿಂದ ಬಿಳಿಯಾಗಿರಲಿಲ್ಲವಂತೆ. ಬಹಳ ಹಿಂದೆ ಯಾರೋ ಒಬ್ಬ ತಂದೆ, ಮಗ ಒಳಗೆ ಹೋದ ಸಂತೋಷಕ್ಕೆ ಅದಕ್ಕೆ ಒಂದು ಕೈ ಬಿಳಿ ಬಣ್ಣ ಹೊಡೆದ. ಅವನ ಹಿಂದೆ ಇದ್ದವನು, ತಾನೇನು ಕಡಿಮೆ ಎಂದು, ತನ್ನ ಮಗ ಒಳಗೆ ಹೋದ ಕೂಡಲೇ ಇನ್ನೊಂದು ಕೈ ಹೊಡೆದ. ಅಲ್ಲಿಂದ ಅದು ಪದ್ಧತಿಯಾಯಿತು. ಮಗು ಒಳಗೆ ಹೋದ ಮನೆಯವರು ಬಾಗಿಲಿಗೆ, ಚೌಕಟ್ಟಿಗೆ, ಕೀಲಿಗೆ ಎಲ್ಲಕ್ಕೂ ಒಂದು ಕೈ ಬಣ್ಣ ಬಳಿಯಬೇಕು. ವರ್ಷಕ್ಕೆ ಇಪ್ಪತ್ತು ಮೂವತ್ತು ಕೈ. ಕೃತಜ್ಞತೆ ಒಣಗಿ ಗಟ್ಟಿಯಾಗಿ ಒಂದರ ಮೇಲೊಂದು ಕೂತಿತು. ಹಿಂದೊಮ್ಮೆ ಎತ್ತಿನ ಗಾಡಿ ಹೋಗುವಷ್ಟು ತೆರೆಯುತ್ತಿದ್ದ ಬಾಗಿಲು, ಕೀಲುಗಳಲ್ಲಿ ಬಣ್ಣ ತುಂಬಿ, ಒಂದು ಆಳಿನಷ್ಟು ತೆರೆಯತೊಡಗಿತು. ಆಮೇಲೆ ಆಳು ಅಡ್ಡ ತಿರುಗಿದರೆ ಹೋಗುವಷ್ಟು. ಕೊನೆಗೆ ಒಂದು ಗೇಣು.

ಇದರಿಂದ ಯಾರಿಗೂ ಗಾಬರಿಯಾಗಲಿಲ್ಲ. ಸಂದು ಕಿರಿದಾದಷ್ಟೂ ಬಾಗಿಲಿನ ಮರ್ಯಾದೆ ಹೆಚ್ಚಿತು. ಹೋದ ವರ್ಷ ಒಂದೂಕಾಲು ಗೇಣು, ಈ ವರ್ಷ ಒಂದೇ ಗೇಣು ಎಂದು ಜನ ಅಂಗಡಿಗಳ ಮುಂದೆ ನಿಂತು ಹೆಮ್ಮೆಯಿಂದ ಮಾತನಾಡುತ್ತಿದ್ದರು. ಹಸಿ ಬಣ್ಣ ಬಟ್ಟೆಗೆ ತಾಗದ ಹಾಗೆ ಸಂದಿನಲ್ಲಿ ನುಸುಳಬೇಕು ಎಂಬ ನಿಯಮ ಬಂತು. ಬಣ್ಣ ತಾಗಿದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಅವರನ್ನು ಬೇರೆ ಬಾಗಿಲುಗಳು ಸೇರಿಸಿಕೊಳ್ಳುತ್ತಿದ್ದವು, ನಿಜ. ಆದರೆ ಭುಜದ ಮೇಲಿನ ಬಿಳಿ ಕಲೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಅಂಥವರು ಶಾಲು ಹೊದ್ದು ಕೂರುತ್ತಿದ್ದರು.

ನುಸುಳುವುದನ್ನು ಕಲಿಸಲೆಂದೇ ಒಬ್ಬ ಮೇಷ್ಟರು ಹುಟ್ಟಿಕೊಂಡರು. ಅವರನ್ನು ಎಲ್ಲರೂ ಉಸಿರು ಮೇಷ್ಟರು ಎನ್ನುತ್ತಿದ್ದರು. ಉಸಿರು ಹಿಡಿಯುವುದು, ಹೊಟ್ಟೆ ಒಳಗೆಳೆಯುವುದು, ಭುಜ ಮಡಿಸುವುದು ಅವರ ವಿದ್ಯೆ. ಅವರ ಮನೆಯಲ್ಲಿ ಬೆಳಗಿನ ಐದು ಗಂಟೆಗೆ ಐವತ್ತು ಮಕ್ಕಳು ಗೋಡೆಗೆ ಬೆನ್ನು ಹಚ್ಚಿ, ಕೆನ್ನೆ ಉಬ್ಬಿಸದೆ, ಉಸಿರಾಡದೆ ನಿಂತಿರುತ್ತಿದ್ದರು.

ಬಿಳಿ ಬಾಗಿಲಿನ ಕಾವಲು ರಾಜಮ್ಮಣ್ಣಿಯದು. ಗಂಡ ತೀರಿಕೊಂಡ ಮೇಲೆ ಊರಿನ ಹಿರಿಯರು ಅವಳಿಗೆ ಆ ಕೆಲಸ ಕೊಟ್ಟಿದ್ದರು, ಮತ್ತು ಅದಕ್ಕಾಗಿ ಎಂದೂ ಪಶ್ಚಾತ್ತಾಪ ಪಟ್ಟಿರಲಿಲ್ಲ. ಬೆಳಿಗ್ಗೆ ಆರಕ್ಕೆ ಗಂಜಿ ಹಾಕಿದ ಸೀರೆಯುಟ್ಟು, ಕೈಯಲ್ಲಿ ಅಳತೆಯ ಕೋಲು ಹಿಡಿದು, ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೆ ಅವಳ ಬೆನ್ನು ಬಾಗುತ್ತಿರಲಿಲ್ಲ. ಎಳ್ಳಿನಷ್ಟು ಬಣ್ಣ ತಾಗಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಒಂದು ವರ್ಷ ಸ್ವಂತ ಅಣ್ಣನ ಮಗನ ತೋಳಿನ ಮೇಲೆ ಚುಕ್ಕೆಯಷ್ಟು ಬಿಳಿ ಕಂಡು ವಾಪಸು ಕಳಿಸಿದ್ದಳು. ಅಣ್ಣ ಅಂದಿನಿಂದ ಮನೆಗೆ ಬಂದಿರಲಿಲ್ಲ. "ನಿಯಮಕ್ಕೆ ಸೋದರಮಾವ, ಅತ್ತೆ ಅಂತ ಇರೋದಿಲ್ಲ" ಎಂದು ಅವಳು ಹೇಳಿದ್ದನ್ನು ಊರು ಇನ್ನೂ ನೆನಪಿಟ್ಟುಕೊಂಡಿತ್ತು. ಅವಳೂ ನೆನಪಿಟ್ಟುಕೊಂಡಿದ್ದಳು.

ಅವಳಿಗೆ ಒಬ್ಬಳೇ ಮಗಳು, ನಿರುಪಮಾ. ಹುಡುಗಿಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ದಿನ ರಾಜಮ್ಮಣ್ಣಿ ಸ್ಟೂಲಿನ ಮೇಲೆ ಕೂತಳು; ಸ್ಟೂಲು ಅಲುಗಲಿಲ್ಲ. ಅದರ ಒಂದು ಕಾಲು ಗಿಡ್ಡ. ಹಳೆಯ ಚೀಟಿಗಳನ್ನು ಮಡಿಸಿ ಕಾಲಿನ ಕೆಳಗಿಟ್ಟು ಅವಳು ವರ್ಷಗಟ್ಟಲೆ ಕೂತಿದ್ದಳು.

"ಇದನ್ನ ಯಾರು ಸರಿ ಮಾಡಿದ್ದು?"

"ನಾನೇ ಅಮ್ಮ. ಕಾಳಾಚಾರ್ರು ಉಳಿ ಕೊಟ್ಟರು. ಕಾಲಿಗೆ ಒಂದು ತುಂಡು ಸೇರಿಸಿದೆ. ಸೇರಿಸಿದ್ದು ಎಲ್ಲಿ ಅಂತ ಹೇಳು ನೋಡೋಣ?"

ರಾಜಮ್ಮಣ್ಣಿ ಬಗ್ಗಿ ನೋಡಿದಳು. ಸೇರಿಸಿದ ಗೆರೆ ಅವಳ ಕಣ್ಣಿಗೂ ಕಾಣಲಿಲ್ಲ. "ಇನ್ನು ಮೇಲೆ ಆ ಕಡೆ ಹೋಗಬೇಡ" ಎಂದಳು. ಸ್ಟೂಲನ್ನು ಮಾತ್ರ ಬದಲಾಯಿಸಲಿಲ್ಲ.

ಕಾಳಾಚಾರಿ ಮರಗೆಲಸದ ಬಾಗಿಲಿನ ಮುದುಕ. ಅವನ ಬಾಗಿಲಿಗೆ ಬಣ್ಣವಿರಲಿಲ್ಲ, ತಟ್ಟುವವರೂ ಇರಲಿಲ್ಲ. ಆದ್ದರಿಂದ ಅದು ಹಗಲೆಲ್ಲ ತೆರೆದೇ ಇರುತ್ತಿತ್ತು. ನಿರುಪಮಾ ಹೋಗುವುದನ್ನು ಬಿಡಲಿಲ್ಲ. ತಾಯಿಗೆ ಹೇಳುವುದನ್ನು ಬಿಟ್ಟಳು. ಆದರೆ ನಾಲ್ಕು ವರ್ಷ ಹಲಗೆ ಕೊಯ್ದು, ಕೀಸುಳಿ ನೂಕಿ ಮರದ ಮೈ ಸಮ ಮಾಡಿದವಳ ಭುಜಗಳು ಸುಮ್ಮನಿರುತ್ತವೆಯೇ? ಅವು ಅಗಲವಾದವು. ಹದಿನೈದು ತುಂಬಿದ ದಿನ ತಾಯಿ ಅಳತೆಯ ಕೋಲನ್ನು ಮಗಳ ಭುಜಕ್ಕೆ ಹಿಡಿದು ನೋಡಿದಳು. ಭುಜ ಕೋಲಿನ ಗುರುತನ್ನು ದಾಟಿತ್ತು.

ಮರುದಿನವೇ ನಿರುಪಮಾಳನ್ನು ಉಸಿರು ಮೇಷ್ಟರ ಮನೆಗೆ ಕರೆದುಕೊಂಡು ಹೋದಳು. ಮೇಷ್ಟರು ಹುಡುಗಿಯನ್ನು ಸುತ್ತಲೂ ನೋಡಿ ನಾಲಿಗೆ ಲೊಚಗುಟ್ಟಿದರು.

"ತಡವಾಗಿ ತಂದಿರಿ ಅಮ್ಮಣ್ಣಿಯವರೇ. ಆರನೇ ವಯಸ್ಸಿಗೇ ತಂದಿದ್ದರೆ ಬೆಳೆಯೋಕ್ಕೇ ಬಿಡ್ತಿರಲಿಲ್ಲ."

"ಈಗ ಆಗೋದಿಲ್ಲವೇ?"

"ಆಗೋದಿಲ್ಲ ಅನ್ನೋ ಮಾತು ನಮ್ಮಲ್ಲಿಲ್ಲ. ಬಲಭುಜ ಸ್ವಲ್ಪ ಹಟಮಾರಿ. ರಾತ್ರಿ ಅನ್ನ ಬೇಡ. ಮಧ್ಯಾಹ್ನ ನಗೋದು ಬೇಡ, ನಕ್ಕರೆ ಎದೆ ಹಿಗ್ಗುತ್ತೆ. ಏನಮ್ಮಾ, ನಗ್ತೀಯಾ ನೀನು?"

"ನಿಮ್ಮನ್ನ ನೋಡಿದರೆ ಬರುತ್ತೆ ಮೇಷ್ಟ್ರೇ" ಎಂದಳು ನಿರುಪಮಾ.

"ಕಷ್ಟ ಇದೆ" ಎಂದರು ಮೇಷ್ಟರು, ತಾಯಿಯ ಕಡೆ ತಿರುಗಿ.

ಒಂದು ವರ್ಷದಲ್ಲಿ ನಿರುಪಮಾ ತೆಳ್ಳಗಾದಳು. ದೊಡ್ಡ ಪರೀಕ್ಷೆಯಲ್ಲಿ ಪಾಸೂ ಆದಳು. ಚೀಟಿ ಬಂದ ದಿನ ಅದನ್ನು ತಾಯಿಯ ಮುಂದಿಟ್ಟು ಹೇಳಿದಳು: "ಅಮ್ಮ, ನಾನು ಕಾಳಾಚಾರ್ರ ಬಾಗಿಲು ತಟ್ತೀನಿ."

"ಏನಂದೆ?"

"ಅವರಿಗೆ ವಯಸ್ಸಾಯ್ತು. ಅವರ ಹತ್ತಿರ ಇರೋದು ನಾನೊಬ್ಬಳೇ. ನನಗೆ ಆ ಕೆಲಸ ಬರುತ್ತೆ ಅಮ್ಮ. ನಿನ್ನ ಸ್ಟೂಲು ಐದು ವರ್ಷದಿಂದ ಅಲುಗಿದೆಯಾ?"

ರಾಜಮ್ಮಣ್ಣಿ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಳ್ಳುವುದು ಅವಳ ರೀತಿಯಲ್ಲ. "ಊರಿನ ಮಕ್ಕಳನ್ನೆಲ್ಲ ಆ ಬಾಗಿಲಲ್ಲಿ ನಿಂತು ಅಳೆದವಳು ನಾನು. ನನ್ನ ಮಗಳು ಅಳತೆಗೆ ಬರಲಿಲ್ಲ ಅಂತ ಒಂದೇ ಒಂದು ಬಾಯಿ ಅಂದರೆ, ಮಾರನೇ ದಿನ ಆ ಸ್ಟೂಲಿನ ಮೇಲೆ ನಾನು ಕೂರೋದು ಹೇಗೆ?" ಎಂದಳು.

"ಅಳತೆಗೆ ಬರದೆ ಅಲ್ಲ ಅಮ್ಮ, ಬೇಡ ಅಂತ."

"ಬೇಡ ಅಂದವರು ಯಾರೂ ಇಲ್ಲ ಈ ಊರಲ್ಲಿ. ಆಗಲಿಲ್ಲ ಅಂತಲೇ ತಿಳ್ಕೊಳ್ತಾರೆ."

ಅದು ನಿಜ ಎಂದು ನಿರುಪಮಾಳಿಗೂ ಗೊತ್ತಿತ್ತು.

ಪ್ರವೇಶದ ದಿನ ಬೀದಿ ತುಂಬ ಜನ. ಕಾವಲಿನವರ ಮಕ್ಕಳು ಕೊನೆಗೆ ಹೋಗಬೇಕೆಂಬ ನಿಯಮವಿದ್ದುದರಿಂದ ನಿರುಪಮಾಳ ಸರದಿ ಬರುವ ಹೊತ್ತಿಗೆ ಬಾಗಿಲಿಗೆ ಇಪ್ಪತ್ತೆಂಟು ಕೈ ಹಸಿ ಬಣ್ಣ ಬಿದ್ದಿತ್ತು. ರಾಜಮ್ಮಣ್ಣಿ ಮಗಳ ಕೈ ಹಿಡಿದು, ಆ ಕೈಯಿಂದಲೇ ಬಾಗಿಲು ತಟ್ಟಿಸಿದಳು. ಹುಡುಗಿ ಅಡ್ಡ ತಿರುಗಿದಳು, ಉಸಿರು ಹಿಡಿದಳು, ಅರ್ಧ ಒಳಗೆ ಹೋದಳು. ಅಲ್ಲಿ ನಿಂತಳು. ತಾಯಿಯ ಮುಖವನ್ನು ಒಮ್ಮೆ ನೋಡಿ, ಹಿಡಿದಿದ್ದ ಉಸಿರನ್ನು ಬಿಟ್ಟು, ಬಲಭುಜವನ್ನು ಬೇಕೆಂದೇ ಹಸಿ ಬಣ್ಣಕ್ಕೆ ಒತ್ತಿದಳು.

ಅಂಗೈಯಗಲದ ಬಿಳಿ. ಕುರುಡನಿಗೂ ಕಾಣುವಂಥದು.

ಜನ ಹಿಂದೆ ಇದ್ದರು. ನಡುವೆ ರಾಜಮ್ಮಣ್ಣಿಯ ಬೆನ್ನಿತ್ತು. ಇಷ್ಟು ವರ್ಷಗಳಲ್ಲಿ ಎಂದೂ ಮಾಡದ ಕೆಲಸವನ್ನು ಅವಳು ಮಾಡಿದಳು. ಸೆರಗಿನ ತುದಿಯಿಂದ ಮಗಳ ಭುಜವನ್ನು ಒಂದೇ ಸಲಕ್ಕೆ ಬಲವಾಗಿ ಒರೆಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳನ್ನು ಒಳಗೆ ನೂಕಿದಳು.

"ಅಮ್ಮ!" ಎಂಬ ಕೂಗು ಒಳಗಿನಿಂದ ಕೇಳಿತು.

"ನೋಡಿ, ಸಂತೋಷಕ್ಕೆ ಅಳ್ತಾ ಇದೆ ಮಗು" ಎಂದಳು ತುಂಗಕ್ಕ. ಇವಳು ಎದುರು ಮನೆಯವಳು. ಹೋದ ವರ್ಷ ಇವಳ ಮಗ ಒಳಗೆ ಹೋಗಿದ್ದ. ಅಂದಿನಿಂದ ಯಾವ ಮಾತನ್ನು ಆರಂಭಿಸಿದರೂ "ನಮ್ಮ ಹುಡುಗ ಒಳಗಿರೋದ್ರಿಂದ" ಎಂದೇ ಆರಂಭಿಸುತ್ತಿದ್ದಳು.

ಬಾಗಿಲಿನ ಮೇಲೆ ಭುಜದ ಗುರುತು ಅಚ್ಚೊತ್ತಿದ ಹಾಗೆ ಉಳಿದಿತ್ತು. ರಾಜಮ್ಮಣ್ಣಿ ಕುಂಚ ತೆಗೆದುಕೊಂಡು ಅದರ ಮೇಲೆ ಒಂದು ಕೈ ಬಳಿದಳು. ಗುರುತು ಮಾಸಲಿಲ್ಲ. ಇನ್ನೊಂದು ಕೈ ಬಳಿದಳು. ಜನ ಚಪ್ಪಾಳೆ ತಟ್ಟಿದರು. ಅವಳು ನಿಲ್ಲಿಸಲಿಲ್ಲ. ಬಾಗಿಲು, ಅಂಚು, ಕೀಲು, ಚೌಕಟ್ಟು, ಒಟ್ಟು ಏಳು ಕೈ. ಮಗಳ ಮೇಲೆ ಎಂಥ ಪ್ರೀತಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಸಂಜೆ ಬಾಗಿಲು ಹಾಕಲು ನಾಲ್ಕು ಜನ ಗಂಡಸರು ಭುಜ ಕೊಟ್ಟು ನೂಕಬೇಕಾಯಿತು. ಅದು ಚೌಕಟ್ಟಿನೊಳಗೆ ಹೋಗಿ ಕೂತ ಸದ್ದು ಬೀದಿಯ ಕೊನೆಯವರೆಗೂ ಕೇಳಿತು.

ಬಿಳಿ ಮನೆಯ ಪಕ್ಕದ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಊಟದ ಡಬ್ಬಿ, ಪುಸ್ತಕ, ಉತ್ತರ ಪತ್ರಿಕೆಗಳೆಲ್ಲ ಓಡಾಡುತ್ತಿದ್ದುದು ಅದರಲ್ಲೇ. ಪಾಠ ಹೇಳುವ ಉಪಾಧ್ಯಾಯರೂ ಕಿಂಡಿಯ ಹೊರಗೆ ನಿಂತೇ ಪಾಠ ಓದಿ ಹೋಗುತ್ತಿದ್ದರು. ಬಾಗಿಲಿನ ಸಂದು ಕಿರಿದಾದ ಮೇಲೆ ಅವರು ಯಾರಿಗೂ ಒಳಗೆ ಹೋಗಲು ಆಗುತ್ತಿರಲಿಲ್ಲ.

ಎರಡು ತಿಂಗಳ ನಂತರ ಒಂದು ದಿನ ರಾಜಮ್ಮಣ್ಣಿ ಡಬ್ಬಿ ಕೊಡುವಾಗ ಕಿಂಡಿಯೊಳಗೆ ಮಗಳ ಮುಖ ಕಾಣಿಸಿತು.

"ಅಮ್ಮ, ಬಾಗಿಲು ಕಚ್ಚಿಕೊಂಡಿದೆ. ಅಗುಳಿ ತೆಗೆದು ಎಲ್ಲರೂ ಸೇರಿ ನೂಕಿದೆವು. ಕೂದಲಿನಷ್ಟೂ ಅಲುಗಲಿಲ್ಲ."

"ಈಗ ಯಾಕೆ ನೂಕಿದಿರಿ? ತೆರೆಯೋದು ವರ್ಷಕ್ಕೆ ಒಂದೇ ದಿನ."

"ಆ ದಿನವೂ ತೆರೆಯೋದಿಲ್ಲ ಅಮ್ಮ. ನಾನು ಅಂಚು ಮುಟ್ಟಿ ನೋಡಿದೀನಿ. ಬಣ್ಣ ಬೆಸುಗೆ ಹಾಕಿದ ಹಾಗೆ ಕೂತಿದೆ. ಕಾಳಾಚಾರ್ರ ಹತ್ತಿರ ಒಂದು ಅಗಲ ಉಳಿ ಇಸ್ಕೊಂಡು ಇಲ್ಲಿಂದ ಕೊಡು. ಎರಡು ದಿನದಲ್ಲಿ ಕೆರೆದು ಬಿಡಿಸ್ತೀನಿ."

"ಈ ಕಿಂಡಿಯಲ್ಲಿ ಕಬ್ಬಿಣ ಹೋಗುವ ಹಾಗಿಲ್ಲ. ನಿಯಮ."

ನಿರುಪಮಾ ಕಿಂಡಿಗೆ ಇನ್ನೂ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಆವತ್ತಿನ ಸೆರಗು ಒಗೆದೆಯಾ ಅಮ್ಮ?"

ರಾಜಮ್ಮಣ್ಣಿ ಡಬ್ಬಿಯನ್ನು ಕಿಂಡಿಯೊಳಗೆ ನೂಕಿ ಹೊರಟುಹೋದಳು. ಆದರೆ ಆ ಮಾತು ಅವಳ ಜೊತೆಯಲ್ಲೇ ಮನೆಗೆ ಬಂತು. ಅವಳೂ ತಾಯಿ. ಮಾರನೆಯ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ಮೊದಲ ಬಾರಿಗೆ ಕಾಳಾಚಾರಿಯ ಬಾಗಿಲಿಗೆ ಹೋದಳು. ಒಳಗೆ ಕಾಲಿಡಲಿಲ್ಲ, ಹೊಸ್ತಿಲಾಚೆಯಿಂದಲೇ ಉಳಿ ಕೇಳಿದಳು.

"ನಮ್ಮ ಬಾಗಿಲಿಗಾ?" ಎಂದ ಮುದುಕ.

"ನಿಮ್ಮ ಬಾಗಿಲು ಯಾವುದು? ಬಿಳಿ ಬಾಗಿಲಿಗೆ."

"ಅದೇ ಅಮ್ಮಣ್ಣಿ. ಅದು ನಮ್ಮ ಅಜ್ಜ ಮಾಡಿದ್ದು. ಆ ಮನೆ ಮೊದಲು ನಮ್ಮ ಕೆಲಸದ ಮನೆಯಾಗಿತ್ತು. ಗಾಡಿ ತುಂಬ ಮರ ಒಳಗೆ ಹೋಗಲಿ ಅಂತ ಅಷ್ಟು ಅಗಲ ಇಟ್ಟ. ಈಗಲೂ ನೋಡಿ, ನಾನು ಬೆನ್ನು ಕೊಟ್ಟು ಕೂತಿರೋ ಈ ಗೋಡೆ ಇದೆಯಲ್ಲ, ಇದರ ಆ ಬದಿ ನಿಮ್ಮ ಬಿಳಿ ಮನೆ." ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. "ಮಗು ಹೇಗಿದೆ?"

"ಪ್ರಥಮ ಸ್ಥಾನದಲ್ಲಿದ್ದಾಳೆ."

"ಅದಲ್ಲ, ಹೇಗಿದೆ?"

ರಾಜಮ್ಮಣ್ಣಿ ಉಳಿ ತೆಗೆದುಕೊಂಡು ಹೊರಟಳು.

ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲಿನ ಬಲ ಅಂಚಿನಿಂದ ಕೆರೆಯಲು ಆರಂಭಿಸಿದಳು. ಬಣ್ಣ ಹೊಸದಾಗಿದ್ದುದರಿಂದ ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ಒಂದು ಕೈ, ಎರಡು ಕೈ, ಮೂರು ಕೈ. ಒಳಗಿನಿಂದ ಮಗಳ ದನಿ ಕೇಳಿತು: "ಅಮ್ಮಾ, ನೀನೇನಾ? ಹಾಗೇ, ಉಳಿ ಓರೆ ಹಿಡಿ. ಜೋರು ಮಾಡಬೇಡ." ಮಗಳಿಂದ ಹೇಳಿಸಿಕೊಳ್ಳುವುದು ಅವಳಿಗೆ ಹೊಸದು. ಆದರೂ ಓರೆ ಹಿಡಿದಳು. ನಾಲ್ಕು, ಐದು, ಆರು. ಏಳನೆಯ ಕೈ ಎದ್ದು ಬಂದಾಗ ಅದರ ಕೆಳಗೆ, ಹೆಣ್ಣುಮಗಳೊಬ್ಬಳ ಭುಜದ ಗುರುತು, ರವಿಕೆಯ ಹೊಲಿಗೆಯ ಸಾಲಿನ ಸಮೇತ, ಸ್ಪಷ್ಟವಾಗಿ ಕಾಣಿಸಿತು.

ಅವಳ ಕೈ ನಿಂತಿತು. ಬಾಗಿಲು ಬಿಡಬೇಕಾದರೆ ಇನ್ನೂ ನೂರಾರು ಕೈ ಕೆರೆಯಬೇಕು. ಅದು ಒಂದು ಮಧ್ಯಾಹ್ನದ ಕೆಲಸವಲ್ಲ, ವಾರಗಟ್ಟಲೆಯದು. ಅಷ್ಟು ದಿನವೂ ಊರೆಲ್ಲ ಬಂದು ನೋಡುವ ಮೊದಲ ಗುರುತು ಇದೇ.

"ಯಾಕಮ್ಮ ನಿಲ್ಲಿಸಿದೆ?" ಎಂದಿತು ಒಳಗಿನ ದನಿ.

"ಏನ್ರೀ ಮಾಡ್ತಿದೀರಿ ಅಮ್ಮಣ್ಣಿಯವರೇ?" ಎಂದಿತು ಬೆನ್ನ ಹಿಂದಿನ ದನಿ. ತುಂಗಕ್ಕ ಡಬ್ಬಿ ಹಿಡಿದು ದೂರದಿಂದ ಬರುತ್ತಿದ್ದಳು. "ಬಣ್ಣ ಕೆರೀತಾ ಇದೀರಾ? ನಿಮ್ಮ ಮಗಳು ಒಂದು ಗೇಣಲ್ಲಿ ಹೋದಳು, ಇನ್ನು ಕಂಡವರ ಮಕ್ಕಳು ನುಗ್ಗಿಕೊಂಡು ಹೋಗಲಿ ಅಂತಾನಾ? ನಮ್ಮ ಹುಡುಗ ಒಳಗಿರೋದ್ರಿಂದ ಕೇಳ್ತಿದೀನಿ."

ರಾಜಮ್ಮಣ್ಣಿ ಉಳಿಯನ್ನು ಸೆರಗಿನಲ್ಲಿ ಮುಚ್ಚಿ, ಗುರುತಿಗೆ ಬೆನ್ನು ಅಡ್ಡ ಕೊಟ್ಟು ನಿಂತಳು. "ಇಲ್ಲಿ ಒಂದು ಕಡೆ ಬಣ್ಣ ಉಬ್ಬಿತ್ತು. ಸರಿ ಮಾಡಿ ಮತ್ತೆ ಬಳೀತಾ ಇದೀನಿ."

ತುಂಗಕ್ಕ ಹೋಗುವ ಹೊತ್ತಿಗೆ ರಾಜಮ್ಮಣ್ಣಿಯ ಕೈಯಲ್ಲಿ ಕುಂಚವಿತ್ತು. ಒಳಗೆ ಉಳಿಯ ಸದ್ದಿಗೆ ಕಾದಿದ್ದ ನಿರುಪಮಾಳಿಗೆ ಕುಂಚ ಎಳೆಯುವ ಸದ್ದು ಕೇಳಿತು. ಬಡಗಿಯ ಕಿವಿ, ಎರಡಕ್ಕೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಾಯಿತು. ಅವಳು ಮತ್ತೆ ಕರೆಯಲಿಲ್ಲ. ಉಳಿಯನ್ನು ರಾಜಮ್ಮಣ್ಣಿ ಸಂಜೆಯೇ ಹಿಂದಿರುಗಿಸಿದಳು.

ಇದಾಗಿ ಕೆಲವು ದಿನಗಳ ಮೇಲೆ ಕಾಳಾಚಾರಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಗ, ಬೆನ್ನಿನ ಆಚೆ ಯಾರೋ ಬೆರಳ ಗೆಣ್ಣಿನಿಂದ ತಟ್ಟಿದರು. ಮೂರು ಸಲ ತಟ್ಟಿ ನಿಲ್ಲಿಸಿದರು. ಮತ್ತೆ ಮೂರು ಸಲ. ಮುದುಕ ಎದ್ದು ಹಾರೆ ತೆಗೆದುಕೊಂಡ.

ಡಬ್ಬಿಗಳು ತುಂಬಿದ ಹಾಗೆಯೇ ಕಿಂಡಿಯ ಒಳಗಟ್ಟೆಯ ಮೇಲೆ ಉಳಿದದ್ದನ್ನು ಮೊದಲು ಕಂಡವಳು ರಾಜಮ್ಮಣ್ಣಿ. ಕಿಂಡಿಯಲ್ಲಿ ಮುಖವಿಟ್ಟು ನೋಡಿದಳು. ಸಾಲು ಮಣೆಗಳು, ಮಣೆಗಳ ಮುಂದೆ ಪುಸ್ತಕಗಳು, ಯಾರೂ ಇಲ್ಲ. ಒಬ್ಬ ಉಪಾಧ್ಯಾಯರು ಅವಳನ್ನು ಪಕ್ಕಕ್ಕೆ ಸರಿಯಲು ಹೇಳಿ, ಕಿಂಡಿಯ ಮುಂದೆ ನಿಂತು ಒಂದು ಗಂಟೆ ಪಾಠ ಓದಿದರು. "ಈ ವರ್ಷದ ಮಕ್ಕಳ ಶಿಸ್ತು ನೋಡಿ. ಒಬ್ಬರೂ ತುಟಿ ಪಿಟಕ್ಕೆನ್ನೋದಿಲ್ಲ" ಎಂದು ಹೊಗಳಿ ಹೋದರು.

ಅವಳಿಗೆ ಯಾರೂ ದಾರಿ ಹೇಳಬೇಕಾಗಿರಲಿಲ್ಲ. ಕಾಳಾಚಾರಿಯ ಹಿಂಗೋಡೆಯಲ್ಲಿ ಹೊಸದೊಂದು ಬಾಗಿಲಿತ್ತು. ಹಲಸಿನ ಮರದ್ದು, ಹಳದಿ ಮೈ, ಬಣ್ಣವಿಲ್ಲ. ಒಂದೇ ಬೆರಳಿಗೆ ತೆರೆಯಿತು, ಸದ್ದಿಲ್ಲದೆ ಮುಚ್ಚಿತು. ಕೀಸಿದ ಮರದ ಸುರುಳಿಗಳ ನಡುವೆ ನಿರುಪಮಾ ಕೆಲಸ ಮಾಡುತ್ತಿದ್ದಳು. ಅನ್ನ ತಿಂದವಳ ಹಾಗೆ ಕಾಣುತ್ತಿದ್ದಳು.

"ಉಳಿದವರು?" ಎಂದಳು ರಾಜಮ್ಮಣ್ಣಿ.

"ಅವರವರಿಗೆ ಬೇಕಾದ ಕಡೆ ಹೋದರು. ತುಂಗಕ್ಕನ ಮಗ ರೊಟ್ಟಿ ಸುಡೋ ಕಡೆ ಇದಾನೆ, ಚೆನ್ನಾಗಿ ಸುಡ್ತಾನೆ." ನಿರುಪಮಾ ಕೀಸುಳಿ ಕೆಳಗಿಟ್ಟು ಹತ್ತಿರ ಬಂದಳು. "ಅಮ್ಮ, ಸಂಜೆ ಮನೆಗೆ ಬರ್ತೀನಿ. ಇಷ್ಟು ದಿನ ನಿನ್ನ ಮುಖ ನೋಡೋಕ್ಕೆ ಭಯ ಆಗ್ತಿತ್ತು."

"ಮನೆಗೆ ಬಂದರೆ ನೋಡಿದವರು ಏನಂತಾರೆ? ನೀನು ಒಳಗಿದೀಯ ಅಂತ ಊರಿಗೆಲ್ಲ ಗೊತ್ತು."

"ಇಲ್ಲಿದೀನಲ್ಲಮ್ಮ, ನಿನ್ನ ಮುಂದೆ."

"ಇನ್ನೂ ಒಂದೂಮುಕ್ಕಾಲು ವರ್ಷ ನೀನು ಅಲ್ಲಿರಬೇಕು."

ಕಾಳಾಚಾರಿ ತಲೆ ತಗ್ಗಿಸಿ ಉಳಿ ಮಸೆಯುತ್ತಿದ್ದ. ನಿರುಪಮಾ ಮೆಲ್ಲಗೆ, "ಆಯ್ತು ಬಿಡಮ್ಮ. ಅಲ್ಲೇ ಇದೀನಿ ಅಂದ್ಕೋ" ಎಂದು ಕೀಸುಳಿ ಎತ್ತಿಕೊಂಡಳು.

ವರ್ಷ ತಿರುಗಿ ಪ್ರವೇಶದ ದಿನ ಬಂತು. ಹಿರಿಯರು ಬಂದರು, ಚೀಟಿ ಹಿಡಿದ ಮಕ್ಕಳು ಬಂದರು, ಎಂಟು ಜನ ಗಂಡಸರು ಬಾಗಿಲನ್ನು ಎಳೆದರು. ಅದು ಅಲುಗಲಿಲ್ಲ.

"ಈ ವರ್ಷ ಸಂದು ಎಷ್ಟು ಅಮ್ಮಣ್ಣಿಯವರೇ?" ಎಂದು ಹಿರಿಯರಲ್ಲಿ ಒಬ್ಬರು ಕೇಳಿದರು.

ರಾಜಮ್ಮಣ್ಣಿ ಅಳತೆಯ ಕೋಲನ್ನು ನೆಟ್ಟಗೆ ಹಿಡಿದಳು. ಇಷ್ಟು ವರ್ಷ ಅವಳು ಸುಳ್ಳು ಅಳತೆ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. "ಸಂದೇ ಇಲ್ಲ" ಎಂದಳು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿರಿಯರ ಮುಖ ನಿಧಾನವಾಗಿ ಅರಳಿತು. ಒಬ್ಬರನ್ನೂ ಸೇರಿಸಿಕೊಳ್ಳದಷ್ಟು ಎತ್ತರಕ್ಕೆ ಸುತ್ತಲ ಯಾವ ಊರಿನ ಬಾಗಿಲೂ ಮುಟ್ಟಿರಲಿಲ್ಲ. ಒಳಗಿನವರು ಯಾರೂ ಹೊರಗೆ ಬರದಿರುವುದಕ್ಕೂ ಕಾರಣ ಸಿಕ್ಕಿತು: ಪಾಠ ಅಷ್ಟು ಆಳವಾಗಿದೆ, ಎರಡು ವರ್ಷಕ್ಕೆ ಮುಗಿಯುವಂಥದಲ್ಲ. ಕುರ್ಚಿಗಳ ಹಿಂದೆ ನಿಂತಿದ್ದವರಿಗೆ ಇದರಿಂದ ಸಮಾಧಾನವಾಯಿತು. ಉಸಿರು ಮೇಷ್ಟರು ಮುಚ್ಚಿದ ಬಾಗಿಲಿನಲ್ಲಿ ನುಸುಳುವ ಹೊಸ ತರಗತಿಯನ್ನು ಸೋಮವಾರದಿಂದ ಆರಂಭಿಸುವುದಾಗಿ ಅಲ್ಲೇ ಹೇಳಿದರು. ಬಾಗಿಲಿನ ಮುಂದೆ ಸಾಲು ನಿಂತಿತು. ಅಷ್ಟು ಉದ್ದದ ಸಾಲನ್ನು ಊರು ಹಿಂದೆಂದೂ ಕಂಡಿರಲಿಲ್ಲ. ಈ ವರ್ಷ ಒಳಗೆ ಹೋಗುವವರಿಲ್ಲದಿದ್ದರೇನು, ಒಳಗಿರುವವರ ಮನೆಯವರೇ ಗೌರವಕ್ಕೆ ಒಂದೊಂದು ಕೈ ಬಣ್ಣ ಬಳಿದರು.

ತುಂಗಕ್ಕ ಕಿಂಡಿಗೆ ಹೊರಟವಳು ರಾಜಮ್ಮಣ್ಣಿಯ ಪಕ್ಕ ನಿಂತಳು. ಅವಳ ಕೈಯಲ್ಲಿ ಊಟದ ಡಬ್ಬಿಯಿತ್ತು. ಅದು ಖಾಲಿ ಡಬ್ಬಿಯಂತೆ ಗಾಳಿಗೆ ಹಗುರವಾಗಿ ತೂಗುವುದನ್ನು ರಾಜಮ್ಮಣ್ಣಿ ನೋಡಿದಳು. ರಾಜಮ್ಮಣ್ಣಿ ನೋಡಿದ್ದನ್ನು ತುಂಗಕ್ಕ ನೋಡಿದಳು.

"ನಮ್ಮ ಹುಡುಗ ಒಳಗಿರೋದ್ರಿಂದ..." ಎಂದಳು ತುಂಗಕ್ಕ. ಇಬ್ಬರೂ ಬಾಗಿಲಿನ ಕಡೆ ನೋಡುತ್ತ ನಿಂತರು.

ಅಷ್ಟರಲ್ಲಿ ಸಾಲಿನ ನಡುವಿನಿಂದ ದಾರಿ ಬಿಡಿಸಿಕೊಂಡು ಒಬ್ಬ ಹುಡುಗಿ ಹಲಗೆ ಹೊತ್ತು ಬಂದಳು. ಸಭಾಭವನದ ಕುರ್ಚಿಯೊಂದರ ಕಾಲು ಮುರಿದಿತ್ತು. ಹಲಗೆ ಹೊತ್ತವರ ಮುಖವನ್ನು ಆ ಊರಿನಲ್ಲಿ ಯಾರೂ ನೋಡುವುದಿಲ್ಲ. ನೋಡಿದವಳು ರಾಜಮ್ಮಣ್ಣಿ ಒಬ್ಬಳೇ. ಅವಳು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತು ಅವಳ ಬಲಭುಜ ಹಸಿ ಬಣ್ಣಕ್ಕೆ ತಾಗಿತು.

ಹುಡುಗಿ ನಿಂತಳು. ಹಲಗೆಯನ್ನು ಕೆಳಗಿಳಿಸಿ, ತಾಯಿಗೂ ಜನಕ್ಕೂ ನಡುವೆ ಬೆನ್ನು ಕೊಟ್ಟು ನಿಂತು, ಸೊಂಟಕ್ಕೆ ಸಿಕ್ಕಿಸಿದ್ದ ಕೆಲಸದ ಬಟ್ಟೆಯಿಂದ ಆ ಭುಜವನ್ನು ಒಂದೇ ಸಲಕ್ಕೆ ಬಲವಾಗಿ ಒರೆಸಿದಳು. ಬಟ್ಟೆಗೆ ಹಲಸಿನ ಮರದ ವಾಸನೆಯಿತ್ತು. ಹಲಗೆಯನ್ನು ಹೆಗಲಿಗೇರಿಸಿಕೊಂಡು ಸಭಾಭವನದ ಕಡೆ ನಡೆದಳು.

ಸಾಲಿನಲ್ಲಿ ಮೊದಲು ನಿಂತಿದ್ದ ತಾಯಿಯೊಬ್ಬಳು ಕುತೂಹಲದಿಂದ ಕೇಳಿದಳು: "ಯಾರು ಅಮ್ಮಣ್ಣಿಯವರೇ ಅದು? ನಿಮಗೆ ಗೊತ್ತಾ?"

ರಾಜಮ್ಮಣ್ಣಿ ಸ್ಟೂಲಿನ ಮೇಲೆ ಕೂತಳು. ಸ್ಟೂಲು ಅಲುಗಲಿಲ್ಲ.

"ಯಾರೋ ಆಚಾರ್ರ ಕಡೆ ಕೆಲಸದವಳು" ಎಂದಳು. "ನನ್ನ ಮಗಳು ಒಳಗಿದಾಳೆ."